ಎದ್ದು ಮೊದಲು ನೋಡಿದ್ದು ಪಾರ್ಸೆಲ್

ನಾನು ಹುಬ್ಬಳ್ಳಿಯೊಳಗ ಊಟದ ಡೆಲಿವರಿ ಮಾಡ್ತೀನಿ. ಮಳೆಗಾಲದ ಒಂದು ರಾತ್ರಿ ಉಣಕಲ್ ಹತ್ರ ನೀರು ತುಂಬಿದ ಗುಂಡಿ ಕಾಣಲಿಲ್ಲ, ಗಾಡಿ ಸಮೇತ ಬಿದ್ದೆ. ಎದ್ದು ಮೊದಲು ನೋಡಿದ್ದು ಪಾರ್ಸೆಲ್. ಊಟ ಚೆಲ್ಲಿರಲಿಲ್ಲ, ಮುಟ್ಟಿಸಿ ಬಂದೆ. ಬೆಳಗಾಗೋದ್ರೊಳಗ ಮಣಿಕಟ್ಟು ಬಾತಿತ್ತು. ಎಲುಬು ಮುರಿದಿತ್ತು. ಐದು ವಾರ ಗಳಿಕೆ ಇಲ್ಲ. ಆಸ್ಪತ್ರೆ ಬಿಲ್ಲಿಗೆ ಅವ್ವ ಕೂಡಿಟ್ಟಿದ್ದ ದುಡ್ಡು ಹೋತು.

2023ರಲ್ಲೇ ರಾಜ್ಯ ಸರ್ಕಾರ ಗಿಗ್ ಕಾರ್ಮಿಕರಿಗೆ ಉಚಿತ ವಿಮೆ ತಂದಿತ್ತು: ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ 4 ಲಕ್ಷ ರೂಪಾಯಿ, ಆಸ್ಪತ್ರೆ ಖರ್ಚಿಗೆ 1 ಲಕ್ಷದವರೆಗೆ. ಇ-ಶ್ರಮ್ ಕಾರ್ಡ್ ಮಾಡಿಸಿ, ಸೇವಾಸಿಂಧುವಿನಲ್ಲಿ ಹೆಸರು ನೋಂದಾಯಿಸಬೇಕಿತ್ತು. 'ನನಗೇನ್ ಆಗ್ತದ' ಅಂತ ಬಿಟ್ಟಿದ್ದೆ.

ಗಾಡಿ ಹೊಡೆಯೋ ಗೆಳೆಯರ, ಬೀಳೋಕಿಂತ ಮೊದಲ ಹೆಸರು ಬರೆಸ್ರಿ. ಆರ್ಡರ್ ಮಾಡೋರು, ಮಳ್ಯಾಗ ಹತ್ತು ನಿಮಿಷ ತಡ ಆದ್ರ ತಡ್ಕೋರಿ.