ಮೇಣವಲಿಯ ವಾಡೆ

ಸಾತಾರಾ ಜಿಲ್ಲೆಯ ವಾಯಿ ಪಟ್ಟಣದ ಮಗ್ಗುಲಲ್ಲೇ ಮೇಣವಲಿ. ಪೇಶ್ವೆಗಳ ಮಂತ್ರಿ ನಾನಾ ಫಡ್ನವೀಸರ ವಾಡೆ ಇರುವುದು ಇಲ್ಲಿ, ಕೃಷ್ಣೆಯ ದಡದಲ್ಲಿ. ಹೊರಗೆ ಕೋಟೆಯಂಥ ಗೋಡೆ. ಒಳಗೆ ಒಂದರ ಹಿಂದೊಂದು ಅಂಗಳ, ಮರದ ಕಂಬಗಳು, ಮಾಸಿದ ಭಿತ್ತಿಚಿತ್ರಗಳು.

ನಾನು ಹೆಚ್ಚು ಹೊತ್ತು ನಿಂತದ್ದು ಮಾತ್ರ ಹಿಂದಿನ ಘಾಟಿನ ಗಂಟೆಯ ಮುಂದೆ. 1739ರಲ್ಲಿ ಮರಾಠಾ ಸೇನಾನಿ ಚಿಮಾಜಿ ಅಪ್ಪ ಪೋರ್ಚುಗೀಸರಿಂದ ವಸಈ ಗೆದ್ದಾಗ ಅಲ್ಲಿನ ಇಗರ್ಜಿಗಳ ಗಂಟೆಗಳು ಮರಾಠರ ದೇಗುಲಗಳಿಗೆ ಬಂದವು. ಅವುಗಳಲ್ಲೊಂದಾದ ಈ ಗಂಟೆಯ ಮೈಮೇಲೆ ಬಾಲಯೇಸುವನ್ನು ಎತ್ತಿಕೊಂಡ ಮೇರಿ, ಜೊತೆಗೆ 1707 ಎಂಬ ಇಸವಿ. ಗೆದ್ದವರು ತಂದರು, ತೂಗುಹಾಕಿದರು. ಆ ತಾಯಿಯ ಮುಖವನ್ನು ಅಳಿಸಲಿಲ್ಲ. ನನಗೆ ಅದೇ ದೊಡ್ಡದಾಗಿ ಕಂಡಿತು.

ಉತ್ತರ ಕರ್ನಾಟಕದ ನಮ್ಮ ಊರುಗಳಲ್ಲೂ ಹಳೆಯ ವಾಡೆಗಳಿವೆ. ಕೆಡವುವ ಮಾತು ಬಂದರೆ, ದಯವಿಟ್ಟು ಮೊದಲು ಒಮ್ಮೆ ಒಳಹೊಕ್ಕು ನೋಡಿ.