ಜಾನ್ಸ್‌ಟೌನ್‌ನ ಪ್ರವಾಹ ಸಂಗ್ರಹಾಲಯ ಕಲಿಸುವ ಪಾಠ

(ಸಂಸ್ಥೆಯ ವಾರ್ಷಿಕೋತ್ಸವದ ಶೈಕ್ಷಣಿಕ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)

 

'ಪ್ರವಾಸ ಮತ್ತು ಶಿಕ್ಷಣ' ಎಂಬ ವಿಷಯದ ಮೇಲೆ ಮಾತನಾಡಬೇಕೆಂದು ಸಂಘಟಕರು ಕೇಳಿದರು. ಪ್ರವಾಸದಿಂದ ಆಗುವ ಲಾಭಗಳನ್ನು ಪಟ್ಟಿ ಮಾಡುವುದು ಸುಲಭ. ಅದನ್ನು ಒಂಬತ್ತನೇ ತರಗತಿಯ ಮಕ್ಕಳೂ ಪ್ರಬಂಧದಲ್ಲಿ ಚೆನ್ನಾಗಿಯೇ ಬರೆಯುತ್ತಾರೆ. ಆದ್ದರಿಂದ ನಾನು ನೋಡಿದ ಒಂದೇ ಒಂದು ಸ್ಥಳದ ಬಗ್ಗೆ ಹೇಳುತ್ತೇನೆ.

ನಾನು ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವವನು. ಪದಗಳಿಂದಲೇ ಆರಂಭಿಸುವುದು ನನ್ನ ಅಭ್ಯಾಸ. ಮ್ಯೂಸಿಯಂಗೆ ಉರ್ದುವಿನಲ್ಲಿ 'ಅಜಾಯಬ್ ಘರ್' ಎನ್ನುತ್ತಾರೆ, ಅಂದರೆ ಅಚ್ಚರಿಗಳ ಮನೆ. ಕನ್ನಡದಲ್ಲಿ 'ವಸ್ತುಸಂಗ್ರಹಾಲಯ', ಅಂದರೆ ವಸ್ತುಗಳನ್ನು ಕೂಡಿಟ್ಟ ಮನೆ. ನಾನು ಹೇಳಹೊರಟಿರುವ ಮ್ಯೂಸಿಯಂಗೆ ಈ ಎರಡು ಹೆಸರುಗಳೂ ಸಾಲುವುದಿಲ್ಲ. ಅದಕ್ಕೆ ಸರಿಹೊಂದುವ ಪದ 'ಇಬ್ರತ್'. ಇನ್ನೊಬ್ಬರಿಗೆ ಆದದ್ದನ್ನು ನೋಡಿ ತಾನು ಎಚ್ಚೆತ್ತುಕೊಳ್ಳುವುದಕ್ಕೆ ಇಬ್ರತ್ ಎನ್ನುತ್ತಾರೆ.

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಜಾನ್ಸ್‌ಟೌನ್ ಎಂಬ ಸಣ್ಣ ಪಟ್ಟಣವಿದೆ. 2020ರ ಜನಗಣತಿಯ ಪ್ರಕಾರ ಅಲ್ಲಿನ ಜನಸಂಖ್ಯೆ 18 ಸಾವಿರ ಚಿಲ್ಲರೆ. ನಮ್ಮ ಒಂದು ತಾಲ್ಲೂಕು ಕೇಂದ್ರಕ್ಕಿಂತಲೂ ಚಿಕ್ಕದು. ಪಿಟ್ಸ್‌ಬರ್ಗ್ ನಗರದಲ್ಲಿರುವ ಅಕ್ಕನ ಮನೆಗೆ ಬೇಸಿಗೆ ರಜೆಯಲ್ಲಿ ಹೋಗಿದ್ದಾಗ ಭಾವನವರು ಒಂದು ಶನಿವಾರ ನನ್ನನ್ನು ಅಲ್ಲಿಗೆ ಕರೆದೊಯ್ದರು. ಸುತ್ತ ಕಡಿದಾದ ಗುಡ್ಡಗಳು, ನಡುವೆ ಎರಡು ನದಿಗಳು ಕೂಡುವ ಜಾಗದಲ್ಲಿ ಊರು. 1889ರಲ್ಲಿ ಅದು ಉಕ್ಕಿನ ಕಾರ್ಖಾನೆಯ ಊರಾಗಿತ್ತು. ಊರು ಮತ್ತು ಸುತ್ತಲಿನ ಕಣಿವೆ ಸೇರಿ ಸುಮಾರು 30 ಸಾವಿರ ಜನ ಅಲ್ಲಿ ವಾಸವಾಗಿದ್ದರು.

ಊರಿನಿಂದ ಸುಮಾರು 22 ಕಿಲೋಮೀಟರ್ ಮೇಲೆ, ಗುಡ್ಡಗಳ ನಡುವೆ, ಸೌತ್ ಫೋರ್ಕ್ ಎಂಬ ಅಣೆಕಟ್ಟೆ ಇತ್ತು. ಅಣೆಕಟ್ಟೆ ಎಂದ ಕೂಡಲೇ ಕಾಂಕ್ರೀಟ್ ಗೋಡೆಯನ್ನು ಊಹಿಸಿಕೊಳ್ಳಬೇಡಿ. ಅದು ನಮ್ಮ ಕೆರೆ ಏರಿಯಂತೆ ಮಣ್ಣು ಕಲ್ಲಿನ ಏರಿ. ಎತ್ತರ 72 ಅಡಿ, ಉದ್ದ 931 ಅಡಿ. ಕೆರೆಯ ಊರಿನಲ್ಲಿ ಬೆಳೆದವರಿಗೆ ಒಂದು ಸಂಗತಿ ಗೊತ್ತು. ಏರಿ ಉಳಿಯಬೇಕಾದರೆ ಎರಡು ಸರಿಯಾಗಿರಬೇಕು: ಬೇಕಾದಾಗ ನೀರು ಬಿಡಲು ತೂಬು, ಹೆಚ್ಚಾದ ನೀರು ತಾನಾಗಿ ಹರಿದುಹೋಗಲು ಕೋಡಿ. ಮಣ್ಣಿನ ಏರಿಯ ಮೇಲೆ ನೀರು ಹತ್ತಿ ಹರಿಯಿತೆಂದರೆ ಏರಿಯ ಕಥೆ ಮುಗಿದಂತೆ.

ಸೌತ್ ಫೋರ್ಕ್ ಏರಿಯನ್ನು ಮೊದಲು ಕಟ್ಟಿಸಿದ್ದು ರಾಜ್ಯ ಸರ್ಕಾರ, ದೋಣಿಗಳು ಸಾಗುವ ಕಾಲುವೆಗೆ ನೀರೊದಗಿಸಲು. ಕೆಲಸ ಮುಗಿದದ್ದು 1853ರಲ್ಲಿ. ಅಷ್ಟರಲ್ಲಿ ರೈಲು ಬಂದು ಕಾಲುವೆ ಮೂಲೆಗೆ ಬಿತ್ತು. 1857ರಲ್ಲಿ ಅದು ರೈಲ್ವೆ ಕಂಪನಿಗೆ ಮಾರಾಟವಾಯಿತು. 1862ರಲ್ಲಿ ಏರಿಯ ಒಂದು ಭಾಗ ಕುಸಿಯಿತು. ಆಗ ನೀರು ಕಡಿಮೆ ಇದ್ದುದರಿಂದ ದೊಡ್ಡ ಹಾನಿಯಾಗಲಿಲ್ಲ. ಮುಂದೆ ಅದನ್ನು ಕೊಂಡ ಒಬ್ಬ ಮಾಲೀಕ ತೂಬಿನ ಬೀಡು ಕಬ್ಬಿಣದ ಕೊಳವೆಗಳನ್ನು ಕಿತ್ತು ಗುಜರಿಗೆ ಮಾರಿದ. 1879ರಲ್ಲಿ ಅದು ಪಿಟ್ಸ್‌ಬರ್ಗ್‌ನ ಶ್ರೀಮಂತರ ಮೀನುಗಾರಿಕೆ ಮತ್ತು ಬೇಟೆ ಕ್ಲಬ್ಬಿನ ಕೈಸೇರಿತು. ಉಕ್ಕಿನ ದೊರೆ ಆಂಡ್ರ್ಯೂ ಕಾರ್ನೆಗಿ, ಹೆನ್ರಿ ಫ್ರಿಕ್, ಬ್ಯಾಂಕಿನ ಆಂಡ್ರ್ಯೂ ಮೆಲನ್ ಮುಂತಾದವರು ಅದರ ಸದಸ್ಯರಾಗಿದ್ದರು.

ಕ್ಲಬ್ಬಿನವರು ಏರಿಯನ್ನು ದುರಸ್ತಿ ಮಾಡಿಸಿದರು, ಆದರೆ ತೂಬನ್ನು ಮತ್ತೆ ಹಾಕಿಸಲಿಲ್ಲ. ಕುದುರೆ ಗಾಡಿಗಳು ಓಡಾಡಲು ಅನುಕೂಲವಾಗಲೆಂದು ಏರಿಯ ತಲೆಯನ್ನು ಕೆಲವು ಅಡಿ ತಗ್ಗಿಸಿದರು. ಕೆರೆಗೆ ಬಿಟ್ಟ ಮೀನುಗಳು ಓಡಿಹೋಗದಿರಲೆಂದು ಕೋಡಿಗೆ ಅಡ್ಡಲಾಗಿ ಕಬ್ಬಿಣದ ಜಾಲರಿ ನಿಲ್ಲಿಸಿದರು. ಒಂದೊಂದಾಗಿ ನೋಡಿದರೆ ಎಲ್ಲವೂ ಸಣ್ಣ ಸಣ್ಣ ನಿರ್ಧಾರಗಳೇ. ಒಟ್ಟುಗೂಡಿಸಿ ನೋಡಿ: ತೂಬಿಲ್ಲ, ಕೋಡಿಗೆ ಅಡ್ಡಿ, ಏರಿ ತಗ್ಗು.

ಇದನ್ನು ಯಾರೂ ಗಮನಿಸಿರಲಿಲ್ಲವೇ? ಗಮನಿಸಿದ್ದರು. ಜಾನ್ಸ್‌ಟೌನ್‌ನ ಉಕ್ಕಿನ ಕಂಪನಿಯ ಮುಖ್ಯಸ್ಥ ಡೇನಿಯಲ್ ಮೊರೆಲ್ 1880ರಲ್ಲಿ ಜಾನ್ ಫುಲ್ಟನ್ ಎಂಬ ತಜ್ಞರನ್ನು ಕಳುಹಿಸಿ ಏರಿಯನ್ನು ಪರೀಕ್ಷೆ ಮಾಡಿಸಿದರು. ನೀರು ಬಿಡುವ ವ್ಯವಸ್ಥೆಯೇ ಇಲ್ಲ, ದುರಸ್ತಿಯೂ ಸಮರ್ಪಕವಾಗಿಲ್ಲ ಎಂದು ಫುಲ್ಟನ್ ವರದಿ ಕೊಟ್ಟರು. ಮೊರೆಲ್ ಕ್ಲಬ್ಬಿಗೆ ಪತ್ರ ಬರೆದರು. ಖರ್ಚಿನಲ್ಲಿ ಪಾಲು ಕೊಡಲೂ ಸಿದ್ಧರೆಂದರು. ನಿಮ್ಮ ಊರಿಗೆ ನಮ್ಮಿಂದ ಏನೂ ಅಪಾಯವಿಲ್ಲ ಎಂಬರ್ಥದ ಉತ್ತರ ಬಂತು. 1885ರಲ್ಲಿ ಮೊರೆಲ್ ತೀರಿಕೊಂಡರು. ವಿಷಯ ಅಲ್ಲಿಗೇ ನಿಂತಿತು.

1889ರ ಮೇ 31, ಶುಕ್ರವಾರ. ಹಿಂದಿನ ರಾತ್ರಿಯಿಂದ ಧಾರಾಕಾರ ಮಳೆ. ಮಧ್ಯಾಹ್ನದ ಹೊತ್ತಿಗೆ ಜಾನ್ಸ್‌ಟೌನ್‌ನ ಬೀದಿಗಳಲ್ಲಿ ನದಿಯ ನೀರು ನಿಂತಿತ್ತು. ಮೇಲೆ ಕೆರೆಯ ನೀರು ಏರಿಯ ಅಂಚು ಮುಟ್ಟಿತು. ಜಾಲರಿಗೆ ಮರಗಿಡ, ಕಸಕಡ್ಡಿ ಸಿಕ್ಕಿ ಕೋಡಿ ಕಟ್ಟಿಕೊಂಡಿತ್ತು. ಕೂಲಿಯಾಳುಗಳು ಸಲಿಕೆ ಹಿಡಿದು ಹೊಸ ಕೋಡಿ ತೋಡಲು ಹೆಣಗಿದರು. ಕ್ಲಬ್ಬಿನ ಯುವ ಇಂಜಿನಿಯರ್ ಜಾನ್ ಪಾರ್ಕ್ ಕುದುರೆ ಏರಿ ಹತ್ತಿರದ ಊರಿಗೆ ಹೋಗಿ ಎಚ್ಚರಿಸಿದರು. ಅಲ್ಲಿಂದ ತಂತಿ ಸಂದೇಶಗಳು ಹೊರಟವು. ಆದರೆ ಪ್ರತಿ ಮಳೆಗಾಲದಲ್ಲೂ 'ಏರಿ ಒಡೆಯುತ್ತದಂತೆ' ಎಂಬ ಮಾತು ಕೇಳಿ ಕೇಳಿ ಜನರ ಕಿವಿ ಜಡ್ಡುಗಟ್ಟಿತ್ತು. ಆ ದಿನ ಹೆಚ್ಚಿನವರು ಮನೆ ಬಿಟ್ಟು ಹೋಗಲಿಲ್ಲ.

ಮಧ್ಯಾಹ್ನ ಸುಮಾರು ಮೂರು ಗಂಟೆಗೆ ಏರಿ ಒಡೆಯಿತು. ಎರಡು ಕೋಟಿ ಟನ್ ನೀರು ಕಣಿವೆಗೆ ನುಗ್ಗಿತು. ದಾರಿಯಲ್ಲಿದ್ದ ಮನೆ, ಮರ, ಸೇತುವೆ, ರೈಲು ಇಂಜಿನ್‌ಗಳನ್ನೆಲ್ಲ ಹೊತ್ತುಕೊಂಡು ಸುಮಾರು ಒಂದು ಗಂಟೆಯಲ್ಲಿ ಜಾನ್ಸ್‌ಟೌನ್ ತಲುಪಿತು. ಊರಿನ ಕೆಳಗಿದ್ದ ರೈಲ್ವೆಯ ಕಲ್ಲಿನ ಸೇತುವೆ ಮಾತ್ರ ಬೀಳಲಿಲ್ಲ. ಕೊಚ್ಚಿಬಂದದ್ದೆಲ್ಲ ಅದಕ್ಕೆ ಸಿಕ್ಕಿ ರಾಶಿಯಾಯಿತು. ಕಾರ್ಖಾನೆಯ ಮುಳ್ಳುತಂತಿ ಆ ರಾಶಿಯನ್ನು ಬಿಗಿದು ಕಟ್ಟಿದಂತಾಯಿತು. ಸಂಜೆ ಅದಕ್ಕೆ ಬೆಂಕಿ ಹತ್ತಿತು. ನೀರಿನಿಂದ ಪಾರಾಗಿ ಬಂದಿದ್ದವರಲ್ಲಿ ಎಷ್ಟೋ ಜನ ಬೆಂಕಿಗೆ ಬಲಿಯಾದರು.

ಸತ್ತವರ ಅಧಿಕೃತ ಲೆಕ್ಕ 2,209. ಇವರಲ್ಲಿ 99 ಕುಟುಂಬಗಳು ಒಬ್ಬರೂ ಉಳಿಯದೆ ಅಳಿದವು. 396 ಮಕ್ಕಳು. ಗುರುತು ಸಿಗದ 777 ಮಂದಿಯನ್ನು ಗುಡ್ಡದ ಮೇಲಿನ ಸ್ಮಶಾನದಲ್ಲಿ ಒಂದೇ ಕಡೆ ಮಣ್ಣು ಮಾಡಿದರು. ಸಾಲು ಸಾಲು ಬಿಳಿ ಕಲ್ಲುಗಳು, ಒಂದರ ಮೇಲೂ ಹೆಸರಿಲ್ಲ. ನಾವು ಅಲ್ಲಿಗೂ ಹೋಗಿ ಸ್ವಲ್ಪ ಹೊತ್ತು ಮೌನವಾಗಿ ನಿಂತು ಬಂದೆವು.

ಈಗ ಮ್ಯೂಸಿಯಂ ವಿಷಯಕ್ಕೆ ಬರುತ್ತೇನೆ. ಒಳಗೆ ಹೋದರೆ ಕಣಿವೆಯ ದೊಡ್ಡ ಮಾದರಿ ಇದೆ. ನೀರು ಎಲ್ಲಿಂದ ಹೊರಟು ಎಲ್ಲಿಗೆ ಬಂತು ಎಂಬುದನ್ನು ದೀಪಗಳು ಒಂದೊಂದಾಗಿ ಬೆಳಗಿ ತೋರಿಸುತ್ತವೆ. ಚಾರ್ಲ್ಸ್ ಗುಗೆನ್‌ಹೈಮ್ ಅವರು ತಯಾರಿಸಿದ, ಆಸ್ಕರ್ ಪ್ರಶಸ್ತಿ ಪಡೆದ ಸಾಕ್ಷ್ಯಚಿತ್ರ ತೋರಿಸುತ್ತಾರೆ. ಮನೆ ಕಳೆದುಕೊಂಡವರಿಗೆ ತುರ್ತಾಗಿ ಜೋಡಿಸಿ ಕೊಟ್ಟ ಮರದ ಪುಟ್ಟ ಮನೆಯೊಂದನ್ನು ಹಾಗೆಯೇ ಉಳಿಸಿದ್ದಾರೆ. ನಮ್ಮ ಒಂದು ಅಡುಗೆ ಮನೆಯಷ್ಟು ಜಾಗದಲ್ಲಿ ಇಡೀ ಸಂಸಾರ ಹೇಗೆ ಬದುಕಿತೋ ಎಂದು ಅಕ್ಕ ಅಲ್ಲಿಯೇ ನಿಂತುಬಿಟ್ಟಳು.

ಆದರೆ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಆ ಕಟ್ಟಡ. ಅದು ಮೊದಲು ಊರಿನ ಗ್ರಂಥಾಲಯವಾಗಿತ್ತು. ಹಳೆಯ ಗ್ರಂಥಾಲಯ ಪ್ರವಾಹದಲ್ಲಿ ನಾಶವಾದ ಮೇಲೆ, ಅದೇ ಕ್ಲಬ್ಬಿನ ಸದಸ್ಯರಾದ ಕಾರ್ನೆಗಿ ಕೊಟ್ಟ ಹಣದಿಂದ ಇದನ್ನು ಕಟ್ಟಿದರು. 1973ರಲ್ಲಿ ಇದು ಪ್ರವಾಹ ಮ್ಯೂಸಿಯಂ ಆಯಿತು. ಅಂದರೆ ಯಾರ ಕೊಡುಗೆಯಿಂದ ಕಟ್ಟಡ ಎದ್ದಿತೋ, ಅವರ ಕ್ಲಬ್ಬಿನ ನಿರ್ಲಕ್ಷ್ಯದ ಕಥೆಯನ್ನು ಆ ಕಟ್ಟಡವೇ ಹೇಳುತ್ತಿದೆ. ದಾನವನ್ನು ಅವರು ಅಲ್ಲಗಳೆದಿಲ್ಲ. ದಾನ ಬಂತೆಂದು ಪ್ರಶ್ನೆಯನ್ನು ಕೈಬಿಟ್ಟೂ ಇಲ್ಲ. ಸಂಘ ಸಂಸ್ಥೆಗಳನ್ನು ನಡೆಸುವ ನಾವು ಗಮನಿಸಬೇಕಾದ ಮಾತಿದು. ಖೈರಾತ್ ಬೇರೆ, ಹೊಣೆ ಬೇರೆ. ಒಂದು ಇನ್ನೊಂದರ ಬಾಕಿಯನ್ನು ತೀರಿಸುವುದಿಲ್ಲ.

ನ್ಯಾಯಾಲಯದಲ್ಲಿ ಏನಾಯಿತು ಎಂದು ವಿದ್ಯಾರ್ಥಿಗಳು ಕೇಳಬಹುದು. ಕ್ಲಬ್ಬಿನ ಮೇಲೆ ದಾವೆ ಹೂಡಿದವರಲ್ಲಿ ಒಬ್ಬರಿಗೂ ಪರಿಹಾರ ಸಿಗಲಿಲ್ಲ. ಅತಿವೃಷ್ಟಿಯಿಂದಾದ ಈ ದುರಂತ 'ದೈವಕೃತ್ಯ' ಎಂಬ ವಾದ ನಿಂತಿತು. ತಗ್ಗಿಸದಿದ್ದರೂ ಏರಿ ಉಳಿಯುತ್ತಿರಲಿಲ್ಲ ಎಂದು 1891ರಲ್ಲಿ ಇಂಜಿನಿಯರುಗಳ ಸಮಿತಿ ವರದಿ ನೀಡಿತು. ಇತ್ತೀಚಿನ ಅಧ್ಯಯನಗಳು ಈ ತೀರ್ಮಾನವನ್ನು ಒಪ್ಪುವುದಿಲ್ಲ. ಏರಿ ತಗ್ಗಿಸಿದ್ದರಿಂದ ನೀರು ಹೊರಹಾಕುವ ಶಕ್ತಿ ಬಹಳ ಕುಗ್ಗಿತ್ತೆಂದು ಅವು ತೋರಿಸಿವೆ.

ಉರ್ದುವಿನಲ್ಲಿ 'ತಕ್ದೀರ್' ಮತ್ತು 'ತದ್ಬೀರ್' ಎಂಬ ಜೋಡಿ ಪದಗಳಿವೆ. ವಿಧಿ ಮತ್ತು ಉಪಾಯ. ಮಳೆ ಸುರಿದದ್ದು ಯಾರ ಕೈಯಲ್ಲೂ ಇರಲಿಲ್ಲ. ತೂಬು, ಕೋಡಿ, ಜಾಲರಿ ಮನುಷ್ಯರ ಕೈಯಲ್ಲಿದ್ದವು. ತದ್ಬೀರ್‌ನಲ್ಲಿ ಸೋತವರು ತಕ್ದೀರ್ ಹೆಸರು ಹೇಳಿ ತಪ್ಪಿಸಿಕೊಳ್ಳಬಾರದು. ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯ ಇದನ್ನು ಕಾನೂನಿನ ಭಾಷೆಯಲ್ಲಿ ಸ್ಪಷ್ಟಪಡಿಸಿದೆ. ಭೋಪಾಲ್ ದುರಂತದ ನಂತರ, 1985ರ ದೆಹಲಿ ಅನಿಲ ಸೋರಿಕೆ ಪ್ರಕರಣದಲ್ಲಿ 1986ರ ಡಿಸೆಂಬರ್‌ನಲ್ಲಿ ತೀರ್ಪು ಕೊಡುತ್ತಾ, ಅಪಾಯಕಾರಿ ಉದ್ದಿಮೆ ನಡೆಸುವವರ ಹೊಣೆ ಸಂಪೂರ್ಣವಾದದ್ದು, ದೈವಕೃತ್ಯ ಎಂಬ ವಿನಾಯಿತಿ ಅವರಿಗೆ ಇಲ್ಲ ಎಂಬ ತತ್ವವನ್ನು ಹಾಕಿಕೊಟ್ಟಿತು.

ಇನ್ನೊಂದು ಮುಖ್ಯ ಸಂಗತಿ ಲೆಕ್ಕದ್ದು. ಜಾನ್ಸ್‌ಟೌನ್‌ನವರು ಸತ್ತವರ ಹೆಸರುಗಳನ್ನು ಒಂದೊಂದಾಗಿ ಬರೆದಿಟ್ಟರು. ಪಟ್ಟಿಯಲ್ಲಿದ್ದ ಲೆರಾಯ್ ಟೆಂಪಲ್ ಎಂಬಾತ ಹನ್ನೊಂದು ವರ್ಷಗಳ ನಂತರ ಊರಿಗೆ ಬಂದು ತಾನು ಬದುಕಿದ್ದೇನೆ ಎಂದನಂತೆ. ಹೀಗಾಗಿ ಮ್ಯೂಸಿಯಂನವರು ಈಗ 2,208 ಎನ್ನುತ್ತಾರೆ. ಒಬ್ಬ ಮನುಷ್ಯನ ಲೆಕ್ಕಕ್ಕೆ ಇಷ್ಟು ಬೆಲೆ! ನಮ್ಮ ಗುಜರಾತಿನ ಮೋರ್ಬಿಯಲ್ಲಿ 1979ರ ಆಗಸ್ಟ್ 11ರಂದು ಮಚ್ಚು ಅಣೆಕಟ್ಟೆ ಒಡೆದಾಗ ಎಷ್ಟು ಜನ ಸತ್ತರು? ಎರಡು ಸಾವಿರದ ಆಸುಪಾಸಿನಿಂದ ಹಿಡಿದು 25 ಸಾವಿರದವರೆಗೆ ಅಂದಾಜುಗಳಿವೆ. ವಿಚಾರಣಾ ಆಯೋಗ ಕೆಲಸ ಮುಗಿಸುವ ಮುನ್ನವೇ ರದ್ದಾಯಿತು. ಎಣಿಸದೆ ಬಿಟ್ಟವರನ್ನು ಮರೆಯುವುದು ಸುಲಭ.

ಈ ಕಥೆಯಲ್ಲಿ ದುಃಖವಷ್ಟೇ ಇಲ್ಲ. ತಂತಿ ಕಚೇರಿಯ ಹೆಟ್ಟಿ ಓಗಲ್ ಎಂಬ ಮಹಿಳೆ ನೀರು ಏರುತ್ತಿದ್ದರೂ ಸಂದೇಶ ಕಳುಹಿಸುತ್ತಲೇ ಇದ್ದು ಮಗಳೊಂದಿಗೆ ಪ್ರಾಣ ಬಿಟ್ಟರು. ರೈಲು ಚಾಲಕ ಜಾನ್ ಹೆಸ್ ಸೀಟಿಯನ್ನು ಕಟ್ಟಿಹಾಕಿ, ಅದು ನಿಲ್ಲದೆ ಕೂಗುವಂತೆ ಮಾಡಿ ಅನೇಕರನ್ನು ಉಳಿಸಿದರು. 67 ವರ್ಷದ ಕ್ಲಾರಾ ಬಾರ್ಟನ್ ರೆಡ್‌ಕ್ರಾಸ್ ತಂಡದೊಂದಿಗೆ ಜೂನ್ 5ರಂದು ಬಂದು ಐದು ತಿಂಗಳು ಅಲ್ಲಿಯೇ ನಿಂತರು. ಅಂದು ತಂದೆತಾಯಿಯನ್ನು ಕಳೆದುಕೊಂಡ ಹದಿನಾರರ ಬಾಲಕ ವಿಕ್ಟರ್ ಹೈಸರ್ ಓದಿ ವೈದ್ಯನಾಗಿ ಫಿಲಿಪೈನ್ಸ್‌ನಲ್ಲಿ ಪ್ಲೇಗು, ಕುಷ್ಠರೋಗಗಳ ವಿರುದ್ಧ ದುಡಿದರು. ಅನಾಥ ಮಕ್ಕಳ ಓದಿಗೆ ನೆರವಾಗುವ ಸಂಸ್ಥೆಗಳು ಆ ಬಾಲಕನನ್ನು ನೆನಪಿಡಬೇಕು.

'ಇದು ಹಳೆಯ ಕಾಲದ, ಪರದೇಶದ ಮಾತು' ಎನ್ನಬೇಡಿ. 2024ರ ಆಗಸ್ಟ್ 10ರ ರಾತ್ರಿ ನಮ್ಮ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಹರಿವ ನೀರಿನ ನಡುವೆಯೇ ತಂತ್ರಜ್ಞರು ಮತ್ತು ಕಾರ್ಮಿಕರು ಒಂದೇ ವಾರದಲ್ಲಿ ತಾತ್ಕಾಲಿಕ ಗೇಟು ಕೂರಿಸಿದರು. ಅವರ ಸಾಹಸಕ್ಕೆ ಸಲಾಂ. ಆದರೆ ಒಂದು ಸರಪಳಿಯ ಕೊಂಡಿ ಎಷ್ಟು ದೊಡ್ಡ ಮಾತು ಎಂಬುದು ಅಂದು ಎಲ್ಲರಿಗೂ ಅರ್ಥವಾಯಿತು.

ವಿದ್ಯಾರ್ಥಿಗಳೇ, ನಿಮ್ಮ ಕೈಯಲ್ಲಿ ಅಣೆಕಟ್ಟೆ ಇಲ್ಲ. ಆದರೆ ನೀವು ಓದುವ ಶಾಲೆಯ ಮಹಡಿ ಮೆಟ್ಟಿಲಿಗೆ ಕಟಾಂಜನ ಇದೆಯೇ, ನೀರೆತ್ತುವ ಮೋಟಾರಿನ ವೈರು ಬರಿದಾಗಿದೆಯೇ, ಪ್ರವಾಸದ ಬಸ್ಸಿನ ತುರ್ತು ಬಾಗಿಲು ತೆರೆಯುತ್ತದೆಯೇ ಎಂದು ನೋಡುವ ಕಣ್ಣುಗಳಿವೆ. ಕಂಡದ್ದನ್ನು ಬಾಯಲ್ಲಿ ಹೇಳಿ ಸುಮ್ಮನಾಗದೆ ಬರೆದು ಕೊಡಿ, ಪ್ರತಿ ಇಟ್ಟುಕೊಳ್ಳಿ, ಉತ್ತರ ಬರುವವರೆಗೆ ಮತ್ತೆ ಕೇಳಿ. ಆಡಳಿತ ಮಂಡಳಿಯ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ. ಮಗು ಅಂಥ ಚೀಟಿ ತಂದುಕೊಟ್ಟರೆ 'ನಿನಗೇಕೆ ಅದೆಲ್ಲ' ಎನ್ನಬೇಡಿ. ಮೊರೆಲ್ ಅವರ ಪತ್ರಕ್ಕೆ ಸಿಕ್ಕಂಥ ಉತ್ತರ ನಮ್ಮ ಕಚೇರಿಯಿಂದ ಹೋಗದಿರಲಿ. ಚೀಟಿಗಳನ್ನು ಬರೆದಿಡಲು ಒಂದು ದಾಖಲೆ ಪುಸ್ತಕ ಇಡೋಣ. ತಿಂಗಳಿಗೊಮ್ಮೆ ಸಭೆಯಲ್ಲಿ ಅದನ್ನು ಓದೋಣ. ಇದಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ.