2023ರಲ್ಲಿ ನಾನು ನೋಡಿದ್ದು, ಕೇಳಿದ್ದು
(ಮಸ್ಕತ್ತಿನಲ್ಲಿ ನಡೆದ ವರ್ಷಾಂತ್ಯದ ಕೂಟದಲ್ಲಿ ಆಡಿದ ಮಾತುಗಳ ಬರಹರೂಪ)



ಈ ವರ್ಷ ನಿಮಗೆ ಇಷ್ಟವಾದ ಸಿನಿಮಾ, ಹಾಡುಗಳ ಬಗ್ಗೆ ಹತ್ತು ನಿಮಿಷ ಮಾತಾಡಿ ಅಂತ ಹೇಳಿದ್ದಾರೆ. ನಾನು ವಿಮರ್ಶಕ ಅಲ್ಲ, ಎ.ಸಿ. ರಿಪೇರಿ ಮಾಡುವವ. ಆದರೆ ಸಿನಿಮಾ ನೋಡುವುದರಲ್ಲಿ ಯಾರಿಗೂ ಕಡಿಮೆ ಇಲ್ಲ.

ಕಳೆದ ವರ್ಷ ಈ ವಿಷಯ ಕೊಟ್ಟಿದ್ದರೆ ಕೆಲಸ ಸುಲಭ ಇತ್ತು. 2022ರ ಏಪ್ರಿಲಿನಲ್ಲಿ ‘ಕೆ.ಜಿ.ಎಫ್. ಚಾಪ್ಟರ್ 2’, ಸೆಪ್ಟೆಂಬರ್ ಕೊನೆಗೆ ‘ಕಾಂತಾರ’. ಎರಡು ಹೆಸರು ಹೇಳಿದರೆ ಸಾಕು, ನೀವೇ ಶಿಳ್ಳೆ ಹೊಡೀತಿದ್ದಿರಿ. ನಮ್ಮ ಸೈಟಿನ ಬಂಗಾಳಿ ಹುಡುಗರು ನನ್ನನ್ನು ‘ರಾಕಿ ಭಾಯ್’ ಅಂತ ಕರೆದದ್ದು ಆಗಲೇ. ಅದಕ್ಕೆ ಮೊದಲು ಅವರ ಲೆಕ್ಕದಲ್ಲಿ ನಾನೂ ಒಬ್ಬ ಮದ್ರಾಸಿ. ಈ ವರ್ಷ ಅಂಥ ಅಬ್ಬರ ಇರಲಿಲ್ಲ. "ಕನ್ನಡದ್ದು ಮತ್ತೆ ಠುಸ್ ಆಯ್ತಾ?" ಅಂತ ಮಲಯಾಳಿ ಸ್ನೇಹಿತರು ಕೇಳಿದರು. ಠುಸ್ ಆಗಿಲ್ಲ ಮಾರಾಯ್ರೆ. ನನ್ನ ಮಟ್ಟಿಗೆ ಕಳೆದ ವರ್ಷಕ್ಕಿಂತ ಇದೇ ಒಳ್ಳೆಯ ವರ್ಷ.

ಮೇ ತಿಂಗಳಲ್ಲಿ ರಜೆಗೆ ಹೋಗಿದ್ದೆ. ಉಡುಪಿಯಲ್ಲಿ ಮಗಳು ಎಳ್ಕೊಂಡು ಹೋಗಿ ತೋರಿಸಿದ್ದು ‘ಡೇರ್‌ಡೆವಿಲ್ ಮುಸ್ತಾಫಾ’. ಪೂರ್ಣಚಂದ್ರ ತೇಜಸ್ವಿಯವರ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದಲ್ಲಿ ಈ ಕಥೆ ಇದೆ. ಹಿಂದೂ ಹುಡುಗರೇ ತುಂಬಿರುವ ಕಾಲೇಜಿಗೆ ಮುಸ್ಲಿಂ ಹುಡುಗನೊಬ್ಬ ಬಂದು ಸೇರ್ತಾನೆ, ಆಮೇಲೆ ಆಗುವ ಫಜೀತಿಗಳೇ ಕಥೆ. ತೇಜಸ್ವಿಯವರ ಓದುಗರೇ ಕೈಯಿಂದ ದುಡ್ಡು ಹಾಕಿ ಮಾಡಿದ ಸಿನಿಮಾ ಇದು. ಶಶಾಂಕ್ ಸೋಗಾಲ್ ನಿರ್ದೇಶನ. ನಕ್ಕು ನಕ್ಕು ಹೊಟ್ಟೆ ಹಿಡ್ಕೊಂಡೆವು.

ಇಲ್ಲಿಗೆ ಬಂದ ಮೇಲೆ ಅದನ್ನೇ ರೂಮಿನಲ್ಲಿ ಮೊಬೈಲ್‌ನಲ್ಲಿ ಹಾಕಿದೆ. ನಮ್ಮ ರೂಮಿನಲ್ಲಿ ಉಪ್ಪಿನಂಗಡಿ ಕಡೆಯ ಬ್ಯಾರಿ ಹುಡುಗ ಒಬ್ಬ ಇದ್ದಾನೆ. ನನಗಿಂತ ಜೋರಾಗಿ ನಕ್ಕ. ಮುಗಿದ ಮೇಲೆ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಣ್ಣಾ, ಕಾಲೇಜಿನ ಮೊದಲ ವಾರ ಎಲ್ಲರೂ ನನ್ನ ಬುತ್ತಿಯನ್ನೇ ನೋಡ್ತಿದ್ರು, ಒಳಗೆ ಎಂತ ಉಂಟು ಅಂತ" ಅಂದ. ನಾಲ್ಕು ವರ್ಷದಿಂದ ನಾವಿಬ್ಬರೂ ಒಂದೇ ಪಾತ್ರೆಯಿಂದ ಅನ್ನ ಬಡಿಸ್ಕೊಂಡು ತಿಂತಾ ಇದ್ದೇವೆ. ಈ ಮಾತು ಆವತ್ತೇ ಮೊದಲು ಬಂದದ್ದು.

ಜುಲೈನಲ್ಲಿ ಬಂದ ‘ಹಾಸ್ಟೆಲ್ ಹುಡುಗರು ಬೇಕಾಗಿದ್ದಾರೆ’ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದು ರೂಮಿಗೆ ಆರು ಮಂಚ ಹಾಕಿ ಬದುಕುವ ನಮಗೆ ಆ ಗಲಾಟೆ ಹೊಸದಲ್ಲ. ಕ್ಯಾಮೆರಾ ಅಲುಗಾಡಿ ಅಲುಗಾಡಿ ನನಗೆ ತಲೆನೋವು ಬಂತು, ಹುಡುಗರಿಗೆ ಅದೇ ಇಷ್ಟ ಆಯ್ತು. ‘ಆಚಾರ್ ಅಂಡ್ ಕೋ’ ಬೇರೆ ತರಹ. ಅರವತ್ತರ ದಶಕದ ಬೆಂಗಳೂರಿನ ಒಂದು ತುಂಬಿದ ಮನೆ, ಅದರಲ್ಲಿ ತನ್ನ ಕಾಲ ಮೇಲೆ ನಿಲ್ಲಬೇಕು ಅನ್ನುವ ಹುಡುಗಿ. ಸಿಂಧು ಶ್ರೀನಿವಾಸಮೂರ್ತಿ ತಾವೇ ನಿರ್ದೇಶಿಸಿ ನಟಿಸಿದ್ದಾರೆ. ಬಿಂದುಮಾಲಿನಿಯವರ ಸಂಗೀತ ಗದ್ದಲ ಮಾಡದೆ ಬಂದು ಕೂತುಕೊಳ್ತದೆ, ಹಳೇ ಮನೆಯ ಜಗಲಿಯಲ್ಲಿ ಅಜ್ಜಿ ಕೂತ ಹಾಗೆ.

ಹಾಡಿನ ವಿಷಯಕ್ಕೆ ಬಂದರೆ, ಜನವರಿಯಲ್ಲೇ ಬಂದು ನಮ್ಮಲ್ಲಿ ಬಹಳ ಜನ ಗಮನಿಸದೆ ಹೋದದ್ದು ‘ಆರ್ಕೆಸ್ಟ್ರಾ ಮೈಸೂರು’. ರಘು ದೀಕ್ಷಿತ್ ಸಂಗೀತ, ಸಾಹಿತ್ಯ ನಟ ಡಾಲಿ ಧನಂಜಯ ಅವರದ್ದು. ಮೈಸೂರಿನಲ್ಲಿ ಗಣೇಶನ ಪೆಂಡಾಲ್ ಮುಂದೆ ನಿಂತು ಆರ್ಕೆಸ್ಟ್ರಾ ಕೇಳಿದವರಿಗೆ ಇದು ಬೇರೆ ವಿವರಿಸಬೇಕಾಗಿಲ್ಲ. ವೇದಿಕೆ ಹತ್ತಿ ಒಂದು ಹಾಡು ಹಾಡಬೇಕು ಅನ್ನುವ ಹುಡುಗನ ಕಥೆ. ಅಂಥವರು ನಮ್ಮ ಪ್ರತಿ ಕ್ಯಾಂಪಿನಲ್ಲೂ ಇದ್ದಾರೆ. ಹಗಲಿಡೀ ಪೈಪ್ ಹೊತ್ತು, ರಾತ್ರಿ ಸ್ನಾನದ ಮನೆಯಲ್ಲಿ ಅಣ್ಣಾವ್ರ ಹಾಡು ಹಾಡುವವರು. ಹೊರಗೆ ಬಕೆಟ್ ಹಿಡ್ಕೊಂಡು ಸಾಲು ನಿಂತವರು ಬೈದರೂ ಚರಣ ಮುಗಿಸದೆ ಬಾಗಿಲು ತೆಗೆಯುವುದಿಲ್ಲ. ಈ ಆಲ್ಬಮ್ಮನ್ನು ನಾನು ಕಂಪನಿ ಬಸ್ಸಿನಲ್ಲಿ ಬೆಳಿಗ್ಗೆ ಐದು ಗಂಟೆಗೆ ಕೇಳ್ತೇನೆ. ನಿದ್ದೆ ಹೋಗ್ತದೆ.

ಈಗ ನನ್ನ ವರ್ಷದ ಸಿನಿಮಾ, ವರ್ಷದ ಆಲ್ಬಮ್ ಎರಡೂ ಆದದ್ದು: ಹೇಮಂತ್ ರಾವ್ ಅವರ ‘ಸಪ್ತ ಸಾಗರದಾಚೆ ಎಲ್ಲೋ’. ಹೆಸರು ಅಡಿಗರ ಕವಿತೆಯಿಂದ ಬಂದದ್ದು. ಆ ಕವಿತೆಯನ್ನು ನಮ್ಮಲ್ಲಿ ಬಹಳ ಜನ ಮೊದಲು ಕೇಳಿದ್ದು ‘ಅಮೆರಿಕಾ ಅಮೆರಿಕಾ’ ಸಿನಿಮಾದ ಹಾಡಾಗಿ. ಮೊದಲ ಭಾಗ ಸೆಪ್ಟೆಂಬರ್ 1ಕ್ಕೆ, ಎರಡನೆಯದ್ದು ನವೆಂಬರ್ 17ಕ್ಕೆ ಬಂತು. ಮನು ಒಬ್ಬ ಸಾಹುಕಾರನ ಮನೆಯ ಡ್ರೈವರ್. ಪ್ರಿಯಾ ಹಾಡುವ ಹುಡುಗಿ. ಇಬ್ಬರಿಗೂ ಒಂದು ಮನೆ ಬೇಕು. ಸಾಹುಕಾರನ ಮಗ ಮಾಡಿದ ಅಪಘಾತದ ತಪ್ಪನ್ನು ದುಡ್ಡಿನ ಆಸೆಗೆ ಮನು ತನ್ನ ಮೇಲೆ ಹಾಕ್ಕೊಂಡು ಜೈಲಿಗೆ ಹೋಗ್ತಾನೆ. ಬೇಗ ಬಿಡಿಸ್ತೇವೆ ಅಂತ ಮಾತು. ಆ ಮಾತು ಏನಾಯ್ತು ಅಂತ ನೋಡಿದವರಿಗೆ ಗೊತ್ತು.

ಚರಣ್ ರಾಜ್ ಸಂಗೀತವನ್ನು ನಾನು ಹೊಗಳಿದರೆ ಅದು ಹೆಚ್ಚಾಗ್ತದೆ, ಬಿಡಿ. ಕಪಿಲ್ ಕಪಿಲನ್ ಹಾಡಿದ ಶೀರ್ಷಿಕೆ ಗೀತೆಯನ್ನು ಎಷ್ಟು ಸಲ ಕೇಳಿದ್ದೇನೆ ಅಂತ ಲೆಕ್ಕ ಇಟ್ಟಿಲ್ಲ. ಆದರೆ ಆ ಸಿನಿಮಾದಲ್ಲಿ ನನ್ನನ್ನು ಹಿಡಿದು ಕೂರಿಸಿದ್ದು ಹಾಡಲ್ಲ, ಒಂದು ಕ್ಯಾಸೆಟ್. ಜೈಲಿನಲ್ಲಿ ಮನುವಿನ ಹತ್ತಿರ ಪ್ರಿಯಾಳ ದನಿ ಇರುವ ಕ್ಯಾಸೆಟ್ ಇರ್ತದೆ.

ನನ್ನ ಅಪ್ಪ ಎಂಬತ್ತರ ದಶಕದಲ್ಲಿ ಬಹ್ರೇನಿನಲ್ಲಿದ್ದರು. ಫೋನ್ ಇಲ್ಲ, ಕಾಗದ ಬರಲು ಹದಿನೈದು ದಿನ. ಊರಿಗೆ ಬರುವವರ ಕೈಯಲ್ಲಿ ಅಪ್ಪ ಕ್ಯಾಸೆಟ್ ಕಳಿಸ್ತಿದ್ದರು, ಅದರಲ್ಲಿ ಅವರ ಮಾತು. ಅಮ್ಮ ಟೂ-ಇನ್-ವನ್‌ನಲ್ಲಿ ಹಾಕಿ, ಒಲೆಯ ಕೆಲಸ ಬಿಟ್ಟು ಬಂದು ಕೂರ್ತಿದ್ದರು. ಮಕ್ಕಳ ಹೆಸರು ಹೇಳಿ ಅಪ್ಪ ಪ್ರಶ್ನೆ ಕೇಳಿದರೆ ನಾವು ಟೇಪಿಗೇ ಉತ್ತರ ಹೇಳ್ತಿದ್ದೆವು. ಆಮೇಲೆ ಅದೇ ಕ್ಯಾಸೆಟ್ಟಿನ ಇನ್ನೊಂದು ಬದಿಯಲ್ಲಿ ನಮ್ಮ ಮಾತು ತುಂಬಿಸಿ ಕಳಿಸುವುದು. ಹೈಸ್ಕೂಲಿಗೆ ಬಂದ ಮೇಲೆ ನನಗೆ ಯಕ್ಷಗಾನದ ಹುಚ್ಚು. ಹೊಸ ಕ್ಯಾಸೆಟ್ಟಿಗೆ ದುಡ್ಡಿಲ್ಲ. ಮನೆಯಲ್ಲಿ ಉಳಿದಿದ್ದ ಅಪ್ಪನ ಕ್ಯಾಸೆಟ್ಟಿನ ಮೇಲೆಯೇ ಕಾಳಿಂಗ ನಾವಡರ ಭಾಗವತಿಕೆ ರೆಕಾರ್ಡ್ ಮಾಡಿದೆ. ಒಂದಲ್ಲ, ಮೂರು ಕ್ಯಾಸೆಟ್. ಅಮ್ಮ ಏನೂ ಹೇಳಲಿಲ್ಲ. ಅಪ್ಪ ತೀರಿಕೊಂಡು ಒಂಬತ್ತು ವರ್ಷ ಆಯ್ತು, ಅವರ ದನಿ ನಮ್ಮ ಮನೆಯಲ್ಲಿ ಎಲ್ಲೂ ಇಲ್ಲ.

ಮೊದಲ ಭಾಗವನ್ನು ನಾವು ಐದು ಜನ ಶುಕ್ರವಾರ ಇಲ್ಲಿ ಥಿಯೇಟರಿನಲ್ಲಿ ನೋಡಿದೆವು. ಅದೇ ವಾರ ಊರಿನಲ್ಲಿ ನನ್ನ ಹೆಂಡತಿ ಮಗಳ ಜೊತೆ ನೋಡಿದಳು. ರಾತ್ರಿ ಫೋನ್ ಮಾಡಿದಾಗ ಸಿನಿಮಾ ಹೇಗಾಯ್ತು ಅಂತ ಕೇಳಿದೆ. "ಎಲ್ಲ ಸರಿ, ಅವ ಜೈಲಿಗೆ ಹೋಗುವ ಮೊದಲು ಅವಳತ್ರ ಒಂದು ಮಾತು ಕೇಳ್ಬಹುದಿತ್ತಲ್ಲ" ಅಂದಳು. ನಾನು ಸಿನಿಮಾದ ಬಗ್ಗೆಯೇ ವಾದ ಮಾಡಿದೆ. ಅವನು ಮಾಡಿದ್ದು ಅವಳಿಗಾಗಿಯೇ ತಾನೇ, ಮನೆಗಾಗಿಯೇ ತಾನೇ ಅಂದೆ. ಆಚೆಯಿಂದ "ಹ್ಞೂಂ" ಅಂತ ಬಂತು. ಫೋನ್ ಇಟ್ಟ ಮೇಲೆ ಬುದ್ಧಿಗೆ ಹೊಳೆಯಿತು. ಜುಲೈನಲ್ಲಿ ಕಂಪನಿಯವರು ಇನ್ನೆರಡು ವರ್ಷದ ಕಾಂಟ್ರಾಕ್ಟ್ ಮುಂದಿಟ್ಟಾಗ ನಾನು ಅಲ್ಲೇ ಸಹಿ ಹಾಕಿ, ಸಂಜೆ ಅವಳಿಗೆ ಸುದ್ದಿ ಹೇಳಿದ್ದೆ. ಮೂರು ವರ್ಷಕ್ಕೆ ಅಂತ ಬಂದವನಿಗೆ ಈಗ ಹದಿನಾಲ್ಕು ವರ್ಷ. ಮನೆ ಕಟ್ಟಿ ಆಗಿದೆ, ಟೆರೇಸಿಗೆ ಶೀಟೂ ಹಾಕಿಸಿ ಆಗಿದೆ.

ಎರಡನೇ ಭಾಗ ಬಂದಾಗ "ನಾನು ನೋಡುದಿಲ್ಲ" ಅಂದಳು. ನಾನು ಒಬ್ಬನೇ ಹೋಗಿ ನೋಡಿದೆ. ಅಲ್ಲಿ ಮನು ಹೊರಗೆ ಬಂದಿದ್ದಾನೆ, ಆದರೆ ಅಷ್ಟರಲ್ಲಿ ಎಲ್ಲರ ಬದುಕೂ ಮುಂದೆ ಹೋಗಿದೆ. ಹೇಳಲೇಬೇಕು, ಕೊನೆಯ ಹೊಡೆದಾಟ ನನಗೆ ಹಿಡಿಸಲಿಲ್ಲ. ಅಷ್ಟು ನಿಧಾನವಾಗಿ, ಮೆತ್ತಗೆ ಹೋಗುವ ಕಥೆಗೆ ಅಷ್ಟು ರಕ್ತ ಬೇಕಿರಲಿಲ್ಲ. ಚೈತ್ರಾ ಆಚಾರ್ ಮಾಡಿದ ಸುರಭಿಯ ಪಾತ್ರ ಮಾತ್ರ ಇನ್ನೂ ಕಣ್ಣಿನಲ್ಲಿದೆ. ರುಕ್ಮಿಣಿ ವಸಂತ್ ಬಗ್ಗೆ ಹೇಳಿದರೆ ನಮ್ಮ ರೂಮಿನವರು ನಗ್ತಾರೆ, ಹಾಗಾಗಿ ಹೇಳುವುದಿಲ್ಲ.

ಕಳೆದ ವಾರ ಕಂಪನಿಯವರು ಸಲಾಲಾ ಸೈಟಿಗೆ ಹೋಗ್ತೀಯಾ ಅಂತ ಕೇಳಿದರು. ಸಂಬಳ ಸ್ವಲ್ಪ ಜಾಸ್ತಿ, ಆದರೆ ಮುಂದಿನ ಮೇ ತಿಂಗಳ ರಜೆ ಇಲ್ಲ. ಮನೆಯಲ್ಲಿ ಕೇಳಿ ಹೇಳ್ತೇನೆ ಅಂದೆ. ಸೂಪರ್‌ವೈಸರ್ ನಕ್ಕ. ರಾತ್ರಿ ಫೋನಿನಲ್ಲಿ ವಿಷಯ ಹೇಳಿದಾಗ ಅವಳು, "ಸಲಾಲಾ ಎಷ್ಟು ದೂರ?" ಅಂತ ಕೇಳಿದಳು. ಸಾವಿರ ಕಿಲೋಮೀಟರ್ ಅಂದೆ. "ಯೋಚನೆ ಮಾಡಿ ಹೇಳ್ತೇನೆ" ಅಂದಿದ್ದಾಳೆ. ಇನ್ನೂ ಹೇಳಿಲ್ಲ. ನಾನೂ ಅವಸರ ಮಾಡಿಲ್ಲ. ಈ ನಡುವೆ ನಮ್ಮ ಫೋನಿನ ಮಾತುಗಳನ್ನು ರೆಕಾರ್ಡ್ ಮಾಡಿ ಇಡ್ತಾ ಇದ್ದೇನೆ. ಅವಳಿಗೆ ಗೊತ್ತುಂಟು, ಈ ಸಲ ಕೇಳಿಯೇ ಮಾಡಿದ್ದು.

ಹತ್ತು ನಿಮಿಷ ದಾಟಿತು. ಮುಂದೆ ನಮ್ಮ ರೂಮಿನ ಸ್ನಾನದ ಮನೆಯ ಗಾಯಕರು ಇದೇ ಮೊದಲ ಸಲ ಮೈಕ್ ಹಿಡಿದು ಹಾಡಲಿಕ್ಕಿದ್ದಾರೆ. ಬೆಳಿಗ್ಗೆಯಿಂದ ಬಿಸಿನೀರು ಕುಡೀತಾ ಕೂತಿದ್ದಾರೆ. ಅವರ ಸಮಯ ನಾನು ತಿನ್ನುವುದಿಲ್ಲ.